ಕಾಸರಗೋಡಿನವರಿಗೆ ಮಾಂಟ್ರಿಯಲ್‌ನ ಚಳಿ ತಡೆಯಬಹುದಾ? ಟೊರಾಂಟೊಗೆ ಹೋಗುವುದೇ ವಾಸಿಯಾ?

ನಿಮ್ಮ ಪ್ರಶ್ನೆಯನ್ನು ನಾನೇ ಬರೆದಿದ್ದೇನೋ ಅನ್ನಿಸಿತು. ನೀವು ಕುಂಬಳೆ ಕಡೆಯವರು, ಕೆನಡಾದ ಈ ಎರಡೂ ಊರಲ್ಲಿ ಓದಲು ಸೀಟು ಸಿಕ್ಕಿದೆ, ಮಾಂಟ್ರಿಯಲ್ ಅಂದರೆ ಹೊಳೆ ನಡುವಿನ ದ್ವೀಪ, ಅಲ್ಲಿ ಮೈನಸ್ 25ಕ್ಕೆ ಇಳಿಯುತ್ತದೆ ಅಂತ ಯಾರೋ ಹೆದರಿಸಿದ್ದಾರೆ. ನಾನು ಬದಿಯಡ್ಕದವನು. ಮಾಂಟ್ರಿಯಲ್‌ನಲ್ಲೇ ಓದಿ, ಕೆಲವು ವರ್ಷ ಕೆಲಸ ಮಾಡಿ, ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ಹೊರಡುವ ಮೊದಲು ನಾನೂ ಅದೊಂದೇ ನಂಬರ್ ಹಿಡಿದು ಕೂತಿದ್ದೆ. ಎಷ್ಟು ಮೈನಸ್, ಎಷ್ಟು ಮೈನಸ್ ಅಂತ.

ಮೈನಸ್ 25 ನನಗೆ ಏನೂ ಮಾಡಲಿಲ್ಲ. ನನ್ನ ಕೈ ಮುರಿದದ್ದು ಮೈನಸ್ ಒಂದರಲ್ಲಿ.

ಮೊದಲ ವರ್ಷದ ಜನವರಿ. ಹಿಂದಿನ ವಾರವಿಡೀ ಮೈನಸ್ 20ರ ಆಸುಪಾಸಿನಲ್ಲಿತ್ತು. ದಪ್ಪ ಜಾಕೆಟ್, ಉಣ್ಣೆಯ ಸಾಕ್ಸ್, ಟೊಪ್ಪಿ ಎಲ್ಲ ಹಾಕಿಕೊಂಡು ಆರಾಮವಾಗಿ ಓಡಾಡಿದ್ದೆ. ಅದು ಒಣ ಚಳಿ. ಹೊಸ ಹಿಮ ಬೂಟಿನಡಿ ಕರಕರ ಅನ್ನುತ್ತದೆ, ಅಷ್ಟಾಗಿ ಜಾರುವುದಿಲ್ಲ. ಆ ದಿನ ಬೆಳಿಗ್ಗೆ ಫೋನ್ ನೋಡಿದರೆ ಮೈನಸ್ 1. ಹೊರಗೆ ಸಣ್ಣಗೆ ಮಳೆ. ಮಳೆಯ ಸದ್ದು ಕೇಳದೆ ಎಷ್ಟೋ ಸಮಯವಾಗಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುವ ಜಿಲ್ಲೆಯಿಂದ ಹೋದವನಿಗೆ ಮಳೆ ಅಂದರೆ ಖುಷಿಯೇ ಅಲ್ವಾ? ಭಾರದ ಬೂಟು ಬಿಟ್ಟು ಕ್ಯಾನ್ವಾಸ್ ಶೂ ಹಾಕಿದೆ. ಊರಿಂದ ಒಯ್ದಿದ್ದ ಕೊಡೆ ತೆಗೆದೆ.

ಮಾಂಟ್ರಿಯಲ್‌ನ ಹಳೇ ಬಾಡಿಗೆ ಮನೆಗಳಲ್ಲಿ ಮಾಳಿಗೆಗೆ ಹೋಗುವ ಮೆಟ್ಟಿಲು ಮನೆಯ ಹೊರಗಿರುತ್ತದೆ. ರಸ್ತೆ ಬದಿಯಿಂದಲೇ ಏರುವ ಕಬ್ಬಿಣದ ಮೆಟ್ಟಿಲು, ಕೆಲವು ಕಡೆ ತಿರುಚಿಕೊಂಡು ಹೋಗುತ್ತದೆ. ಫೋಟೋಗಳಲ್ಲಿ ನೀವೂ ನೋಡಿರುತ್ತೀರಿ. ಆ ದಿನ ಕೈಹಿಡಿಯ ಕಂಬಿಯ ಸುತ್ತ ತೆಳ್ಳಗಿನ ಮಂಜುಗಡ್ಡೆ ಕೂತಿತ್ತು. ಎಷ್ಟು ತಿಳಿ ಅಂದರೆ ಒಳಗಿನ ಕಪ್ಪು ಪೇಂಟ್, ಪೇಂಟ್ ಎದ್ದ ಕಡೆಯ ತುಕ್ಕು ಎಲ್ಲ ಕಾಣುತ್ತಿತ್ತು. ಮೆಟ್ಟಿಲ ಮೇಲೂ ಅದೇ. ಬರೀ ಒದ್ದೆ ಅಂದುಕೊಂಡೆ. ಎರಡನೇ ಮೆಟ್ಟಿಲಿಗೇ ಕಾಲು ಹೋಯಿತು. ಕೆಳಗೆ ಬೀಳುವಾಗ ಬಲಗೈ ಊರಿದೆ. ಮಣಿಕಟ್ಟು ಮುರಿಯಿತು.

ಆಸ್ಪತ್ರೆ ಖರ್ಚು ವಿಮೆಯಲ್ಲಿ ಹೋಯಿತು. ಆದರೆ ಗೋದಾಮಿನ ಪಾರ್ಟ್ ಟೈಮ್ ಕೆಲಸ ಹೋಯಿತು. ಬಲಗೈಯಲ್ಲಿ ಬರೆಯಲಾಗದೆ ಎರಡು ಪೇಪರ್ ಬಿಟ್ಟೆ, ಕೋರ್ಸ್ ಒಂದು ಸೆಮಿಸ್ಟರ್ ಮುಂದೆ ಹೋಯಿತು. ಫೀಸು ಮತ್ತೆ ಕಟ್ಟಬೇಕು. ಹಳೆಯಡಿಕೆ ಆಗಲಿ, ಒಳ್ಳೇ ಕ್ರಯ ಬರಲಿ ಅಂತ ಅಪ್ಪ ಅಟ್ಟದಲ್ಲಿ ಇಟ್ಟಿದ್ದ ಅಡಿಕೆಯನ್ನು ಹೊಸ ಅಡಿಕೆಯ ರೇಟಿಗೇ ಕೊಟ್ಟರು. ಅದು ಈಗಲೂ ನನಗೆ ಸಂಕಟದ ವಿಷಯ.

ತಪ್ಪಿದ್ದೆಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಶೂ ತಪ್ಪು ಅಂತ ಎಲ್ಲರೂ ಹೇಳಿದರು. ಶೂ ಆಮೇಲಿನ ಮಾತು. ನಾನು ಫೋನಿನಲ್ಲಿ ನಂಬರ್ ಮಾತ್ರ ಓದಿದೆ. ಅದರ ಕೆಳಗೇ ಫ್ರೀಜಿಂಗ್ ರೇನ್ ಎಚ್ಚರಿಕೆ ಇತ್ತು, ಫ್ರೆಂಚಿನಲ್ಲಿ ವೆರ್ಗ್ಲಾ ಅನ್ನುತ್ತಾರೆ. ಅದನ್ನು ಓದಲಿಲ್ಲ. ಯಾಕೆಂದರೆ ನನ್ನ ತಲೆಯಲ್ಲಿ ನಂಬರ್ ಕೆಳಗೆ ಹೋದಷ್ಟೂ ಅಪಾಯ, ಮೇಲೆ ಬಂದಷ್ಟೂ ಕ್ಷೇಮ ಅಂತ ಕೂತುಬಿಟ್ಟಿತ್ತು. ಮಾಂಟ್ರಿಯಲ್‌ನಲ್ಲಿ ಹಾಗಲ್ಲ. ಮೈನಸ್ 20ರ ದಿನ ಸರಿಯಾದ ಬಟ್ಟೆ ಹಾಕಿದರೆ ಮುಗಿಯಿತು. ಸೊನ್ನೆಯ ಆಚೀಚೆ ಓಡಾಡುವ ದಿನಗಳಲ್ಲಿ ಹಗಲು ಕರಗಿದ್ದು ರಾತ್ರಿ ಗಟ್ಟಿಯಾಗುತ್ತದೆ, ಮಳೆ ಬಿದ್ದರೆ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನಲ್ಲೂ ಹಾಗೇ, ಮಾರ್ಚ್‌ನಲ್ಲೂ ಹಾಗೇ. ಚಳಿಗಾಲದ ನಡುವೆಯೂ ಇಂಥ ದಿನಗಳು ಬಂದುಹೋಗುತ್ತವೆ.

ಇದು ಆ ಜಾಗದ ಗುಣ. ಊರು ಇರುವುದು ಸೇಂಟ್ ಲಾರೆನ್ಸ್ ನದಿಯ ಕಣಿವೆಯಲ್ಲಿ. ಕಣಿವೆ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿದೆ. ದಕ್ಷಿಣದಿಂದ ಬೆಚ್ಚಗಿನ, ತೇವದ ಗಾಳಿ ಬಂದಾಗ ಅದು ಹಗುರವಾದ್ದರಿಂದ ಮೇಲೇರುತ್ತದೆ. ಕೆಳಗೆ ಈಶಾನ್ಯದಿಂದ ಬೀಸುವ ತಣ್ಣನೆ ಗಾಳಿ ಕಣಿವೆಯೊಳಗೇ ಸಿಕ್ಕಿಕೊಂಡು ಜಾಗ ಬಿಡುವುದಿಲ್ಲ. ಮೇಲಿನಿಂದ ಬೀಳುವ ಹಿಮ ಬೆಚ್ಚಗಿನ ಪದರದಲ್ಲಿ ಕರಗಿ ಮಳೆಯಾಗುತ್ತದೆ. ಆ ಹನಿ ನೆಲದ ಹತ್ತಿರದ ಚಳಿಯಲ್ಲಿ ಸೊನ್ನೆಗಿಂತ ಕೆಳಗಿಳಿದರೂ ನೀರಾಗಿಯೇ ಇರುತ್ತದೆ. ಕಬ್ಬಿಣ, ಮರದ ಕೊಂಬೆ, ಕರೆಂಟು ತಂತಿ, ಏನಾದರೂ ತಾಗಿದ ಕೂಡಲೇ ಗಟ್ಟಿ.

1998ರ ಜನವರಿ 5ರಿಂದ 10ರವರೆಗೆ ಹೀಗೇ ಸುರಿಯಿತು. ನದಿಯ ದಕ್ಷಿಣಕ್ಕೆ ಕೆಲವು ಕಡೆ 100 ಮಿಲಿಮೀಟರ್ ತನಕ. ಅಷ್ಟು ಮಳೆ ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳ ಒಂದು ದಿನದ ಲೆಕ್ಕ. ಅಲ್ಲಿ ಅದರ ಭಾರಕ್ಕೆ ಹೈಟೆನ್ಷನ್ ಲೈನಿನ ಉಕ್ಕಿನ ಟವರುಗಳು ಸಾಲಾಗಿ ಮಗುಚಿದವು. ಕೆಲವು ಊರುಗಳಿಗೆ ವಾರಗಟ್ಟಲೆ ಕರೆಂಟು ಇರಲಿಲ್ಲ. 2023ರ ಏಪ್ರಿಲ್ 5ರಂದು ಮತ್ತೊಮ್ಮೆ, ಹತ್ತು ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ಗಮನಿಸಿ, ಏಪ್ರಿಲ್!

ಈಗ ಟೊರಾಂಟೊ. ಅಲ್ಲಿ ಜನವರಿಯಲ್ಲಿ ನಾಲ್ಕೈದು ಡಿಗ್ರಿ ಚಳಿ ಕಮ್ಮಿ, ಒಂಟಾರಿಯೊ ಸರೋವರದ ದಡದ ಊರು ಅದು. ಆದರೆ ಚಳಿ ಕಮ್ಮಿ ಅಂದರೆ ಸೊನ್ನೆಗೆ ಹತ್ತಿರ ಅಂತಲೂ ಆಯಿತು. 2013ರ ಡಿಸೆಂಬರ್‌ನಲ್ಲಿ ಅಲ್ಲೂ ಇದೇ ಮಂಜುಗಡ್ಡೆಯ ಮಳೆ ಬಿದ್ದು ಲಕ್ಷಾಂತರ ಮನೆ ಕತ್ತಲಾಗಿತ್ತು. ಹಾಗಾಗಿ ಥರ್ಮಾಮೀಟರ್ ನೋಡಿ ಕಾಲೇಜು ಆರಿಸಬೇಡಿ. ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಯಾವ ಕೋರ್ಸ್ ಒಳ್ಳೇದೋ ಅಲ್ಲಿಗೆ ಹೋಗಿ. ಚಳಿಯನ್ನು ಗೆಲ್ಲುವುದು ನೀವು ಹಿಡಿಯುವ ಮನೆಯಲ್ಲಿದೆ.

ಮಾಂಟ್ರಿಯಲ್‌ನಲ್ಲಿ ಮನೆ ಹುಡುಕಲು ದ್ವೀಪ ಸ್ವಲ್ಪ ಅರ್ಥವಾಗಬೇಕು. ದ್ವೀಪ ಅಂದ ಕೂಡಲೇ ಹೊಳೆ ನಡುವಿನ ಸಣ್ಣ ಕುದುರು ಅಂತ ಕಲ್ಪಿಸಬೇಡಿ. ಸುಮಾರು 50 ಕಿಲೋಮೀಟರ್ ಉದ್ದ, ಅಗಲ ಇರುವಲ್ಲಿ 16 ಕಿಲೋಮೀಟರ್. ನಮ್ಮ ಕಾಸರಗೋಡು ಜಿಲ್ಲೆಯ ಕಾಲುಭಾಗದಷ್ಟು ನೆಲದಲ್ಲಿ ಸುಮಾರು 20 ಲಕ್ಷ ಜನ. ಒಂದು ಕಡೆ ಸೇಂಟ್ ಲಾರೆನ್ಸ್, ಇನ್ನೊಂದು ಕಡೆ ರಿವಿಯೇರ್ ದೆ ಪ್ರೇರಿ, ಅದು ಒಟ್ಟಾವಾ ನದಿಯ ಕವಲು. ನಡುವೆ 233 ಮೀಟರ್ ಎತ್ತರದ ಮೌಂಟ್ ರಾಯಲ್ ಗುಡ್ಡ. ದ್ವೀಪದ ನೈಋತ್ಯದ ಬದಿಯಲ್ಲಿ ಲಾಶೀನ್ ಅನ್ನುವಲ್ಲಿ ನದಿ ಬಂಡೆಗಳ ಮೇಲೆ ಭೋರ್ಗರೆದು ಹರಿಯುತ್ತದೆ. ಸಮುದ್ರದಿಂದ ಬಂದ ಹಡಗು ಅಲ್ಲಿಂದ ಮೇಲೆ ಹೋಗಲಾಗದೆ ಸರಕು ಇಳಿಸುತ್ತಿತ್ತು, ಪೇಟೆ ಬೆಳೆದದ್ದೂ ಅದಕ್ಕೇ. 1825ರಲ್ಲಿ ಕಾಲುವೆ ತೆರೆದ ಮೇಲೆ ಸಣ್ಣ ಹಡಗುಗಳಿಗೆ ಆ ಅಡ್ಡಿ ತಪ್ಪಿತು.

ಅಲ್ಲಿನ ದಿಕ್ಕುಗಳನ್ನು ನಂಬಬೇಡಿ. ಹಳೇ ಪೇಟೆಯ ಹತ್ತಿರ ನದಿ ಉತ್ತರಕ್ಕೆ ತಿರುಗುತ್ತದೆ. ರಸ್ತೆಗಳನ್ನು ಹಾಕಿದ್ದು ನದಿಯ ಲೆಕ್ಕದಲ್ಲಿ. ಅವರು ಉತ್ತರ ಅನ್ನುವುದು ನಿಜಕ್ಕೂ ವಾಯವ್ಯ. ಜಾಹೀರಾತಿನಲ್ಲಿ ದಕ್ಷಿಣದ ಕಿಟಕಿ ಅಂತ ಇದ್ದರೆ ಕಂಪಾಸ್ ಇಟ್ಟು ನೋಡಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಕ್ಲಾಸ್ ಮುಗಿಸಿ ಬರುವಾಗ ರಾತ್ರಿ. ಬಿಸಿಲು ಬರುವ ಕೋಣೆಗೆ ಸ್ವಲ್ಪ ಬಾಡಿಗೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ನಮ್ಮವರು ಹೆಚ್ಚು ಕುಗ್ಗುವುದು ಚಳಿಗಲ್ಲ, ಆ ಕತ್ತಲೆಗೆ.

ಹೊಳೆಯಾಚೆ ಬಾಡಿಗೆ ಸಸ್ತಾ ಅಂತ ಹೋಗುವುದಾದರೆ ಮೆಟ್ರೋ ಇರುವ ಕಡೆ ಮಾತ್ರ ಹೋಗಿ. 1966ರಲ್ಲಿ ಶುರುವಾದ ಆ ಮೆಟ್ರೋ ಪೂರ್ತಿ ನೆಲದಡಿ ಓಡುತ್ತದೆ, ಹಿಮ ಬಿದ್ದರೂ ನಿಲ್ಲುವುದಿಲ್ಲ. ಪೇಟೆಯ ನಡುವೆ ಸ್ಟೇಷನ್ನು, ಮಾಲು, ಕಾಲೇಜುಗಳನ್ನು ಜೋಡಿಸುವ ನೆಲದಡಿಯ ದಾರಿಯೇ 30 ಕಿಲೋಮೀಟರಿಗಿಂತ ಜಾಸ್ತಿ ಇದೆ. ಬಸ್ಸು ನಂಬಿದರೆ ಸೇತುವೆಯ ಟ್ರಾಫಿಕ್ಕಿನಲ್ಲಿ ಕೂರಬೇಕಾಗುತ್ತದೆ. ಎರಡು ಭಾಷೆಯ ಗಲಾಟೆ ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ, ಆದರೆ ಫ್ರೆಂಚ್ ಇಲ್ಲಿಂದಲೇ ಶುರುಮಾಡಿ. ಹವಾಮಾನದ ಎಚ್ಚರಿಕೆಯಾದರೂ ಓದಲು ಬರಲಿ.

ಬೇಸಿಗೆಗೆ ತಯಾರಿ ಬೇಡ ಅಂದುಕೊಳ್ಳಬೇಡಿ. ಜುಲೈಯ ಸೆಕೆ ನಮ್ಮ ಏಪ್ರಿಲ್‌ನ ಹಾಗೇ ಬೆವರಿಳಿಸುತ್ತದೆ. ಮನೆ ಕಟ್ಟಿರುವುದು ಶಾಖ ಹಿಡಿದಿಡಲು, ಗಾಳಿಯಾಡಲು ಅಲ್ಲ. 2018ರ ಜುಲೈ ಸೆಕೆಯಲ್ಲಿ ಆ ನಗರದಲ್ಲಿ 66 ಜನ ಸತ್ತರು. ಮೇಲಿನ ಮಾಳಿಗೆ ಹಿಡಿದರೆ ಫ್ಯಾನ್ ಬೇಕೇ ಬೇಕು. ಬೊಳ್ಳ, ಅಂದರೆ ನೆರೆ, ಬರುವುದು ಏಪ್ರಿಲ್, ಮೇಯಲ್ಲಿ. ಮೇಲಿನ ಹಿಮವೆಲ್ಲ ಕರಗಿ, ವಸಂತದ ಮಳೆಯೂ ಸೇರಿ ಒಟ್ಟಾವಾ ನದಿಯಲ್ಲಿ ಇಳಿದು ಬರುತ್ತದೆ. 2017 ಮತ್ತು 2019ರಲ್ಲಿ ದ್ವೀಪದ ವಾಯವ್ಯದ ಬದಿಯ ಪಿಯೆರ್‌ಫೋನ್‌ನಲ್ಲಿ ಮನೆಗಳಿಗೆ ನೀರು ನುಗ್ಗಿತ್ತು. ಆ ಕಡೆ ಹೊಳೆ ಬದಿಯ ನೆಲಮಾಳಿಗೆ ಕೋಣೆ ಎಷ್ಟೇ ಸಸ್ತಾ ಆದರೂ ಬೇಡ.

ಜಾಕೆಟ್ ಇಲ್ಲಿ ಕೊಳ್ಳಬೇಡಿ, ಅಲ್ಲೇ ತೆಗೆದುಕೊಳ್ಳಿ. ಬೂಟಿನಡಿಗೆ ಎಳೆದು ಹಾಕುವ, ಮುಳ್ಳುಗಳಿರುವ ರಬ್ಬರ್ ಪಟ್ಟಿ ಸಿಗುತ್ತದೆ, ಕ್ರ್ಯಾಂಪಾನ್ ಅಂತ ಕೇಳಿ. ಅದನ್ನು ಮೊದಲ ವಾರವೇ ಕೊಳ್ಳಿ, ಅಕ್ಟೋಬರ್‌ನಲ್ಲಿ ನಿಮ್ಮನ್ನು ನೋಡಿ ಯಾರು ನಕ್ಕರೂ ಪರವಾಗಿಲ್ಲ. ಮನೆ ಮಾತಾಡುವಾಗ ಬಾಡಿಗೆಗೂ ಮೊದಲು ಎರಡು ಕೇಳಿ. ಮೆಟ್ಟಿಲು ಒಳಗಿದೆಯೋ ಹೊರಗಿದೆಯೋ? ಹೊರಗಿದ್ದರೆ ಅದಕ್ಕೆ ಉಪ್ಪು ಹಾಕುವವರು ಯಾರು, ಬೆಳಿಗ್ಗೆ ಎಷ್ಟು ಗಂಟೆಗೆ? ಓನರ್ ಹಾಕುತ್ತೇನೆ ಅಂದರೆ ಕರಾರಿನಲ್ಲಿ ಬರೆಸಿಕೊಳ್ಳಿ. ನೀವೇ ಹಾಕಬೇಕು ಅಂದರೆ ಉಪ್ಪಿನ ಚೀಲವನ್ನು ಬಾಗಿಲ ಒಳಗೆ, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.