ಕುಕ್ಕರ್ ಜೋಕಿಗೆ ನಗಬಹುದಾ, ಮಾಸ್ಟ್ರೇ?

ಮಂಗಳೂರಿನ ನಿವೃತ್ತ ಮಾಸ್ಟ್ರೊಬ್ಬರು ಮೂರು ಪುಟದ ಕಾಗದ ಬರೆದಿದ್ದಾರೆ. ಅಕ್ಷರ ಮುತ್ತಿನ ಹಾಗಿದೆ, ಸಿಟ್ಟು ಮಾತ್ರ ಜಾಸ್ತಿ. ಕಳೆದ ತಿಂಗಳು ನಾವು ಹಾಕಿದ ನಗೆಬರಹ ಅವರಿಗೆ ಸರಿಬಂದಿಲ್ಲ. ಬಾಂಬ್ ಇಡಲು ಹೊರಟ ಪೆದ್ದನೊಬ್ಬ ಬಸ್ ತಪ್ಪಿಸಿಕೊಂಡು, ಆಟೋ ಹತ್ತಿ, ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾ ಕೂತಿರುವಾಗ ಅವನ ಚೀಲವೇ ಢಂ ಅನ್ನುವ ಕಥೆ ಅದು. ಮಾಸ್ಟ್ರ ಪ್ರಶ್ನೆ ಇದು: "ಕುಕ್ಕರ್ ಸಿಡಿದ ಜಾಗ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ನಿಮಗೆ ಅದು ತಮಾಷೆಯಾ? ಇವತ್ತು ಭಯೋತ್ಪಾದನೆಗೆ ನಕ್ಕವರು ನಾಳೆ ದೇವರಿಗೂ ನಗುತ್ತೀರಿ."

ಮಾಸ್ಟ್ರೇ, ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಆ ಬರಹದ ಕೊನೆಯಲ್ಲಿ ಒಂದು ಸಾಲಿತ್ತು. ಡ್ರೈವರ್‌ಗೆ ಏನೂ ಆಗಲಿಲ್ಲ, ಮೀಸೆ ಮಾತ್ರ ಹೋಯಿತು, ಮೀಟರ್ ಓಡುತ್ತಲೇ ಇತ್ತು ಅಂತ. ಅಚ್ಚಿಗೆ ಕಳಿಸುವ ಮೊದಲು ನಾಲ್ಕು ಸಲ ಓದಿದ್ದೆ, ನಾಲ್ಕು ಸಲವೂ ನಕ್ಕಿದ್ದೆ. ನಿಮ್ಮ ಕಾಗದ ಬಂದ ಮೇಲೆ ಐದನೇ ಸಲ ಓದಿದೆ. ನಗು ಬರಲಿಲ್ಲ. 2022ರ ನವೆಂಬರ್ 19ರಂದು ಕಂಕನಾಡಿ ಹತ್ತಿರ ಆಟೋದಲ್ಲಿ ಕುಕ್ಕರ್ ಬಾಂಬ್ ಸಿಡಿದಾಗ, ಅದನ್ನು ಹೊತ್ತು ತಂದವನ ಜೊತೆ ಆಟೋ ಓಡಿಸುತ್ತಿದ್ದವರೂ ಸುಟ್ಟುಕೊಂಡರು. ಅವರು ಮಾಡಿದ್ದ ತಪ್ಪು ಅಂದರೆ ಕೈ ತೋರಿಸಿದವನಿಗೆ ಆಟೋ ನಿಲ್ಲಿಸಿದ್ದು, ಅಷ್ಟೇ. ಅವರ ಹೊಟ್ಟೆಪಾಡನ್ನು ನಾವು ಮೀಸೆಯ ಜೋಕಿಗೆ ಬಳಸಿಕೊಂಡೆವು. ಬರೆದವರಿಗಿಂತ ನನ್ನ ತಪ್ಪೇ ದೊಡ್ಡದು, ಯಾಕಂದ್ರೆ ತೆಗೆಯೋ ಪೆನ್ನು ನನ್ನ ಕೈಯಲ್ಲಿತ್ತು.

ಆದರೆ ಆ ಪೆದ್ದನ ಬಗ್ಗೆ ಕ್ಷಮೆ ಕೇಳಲ್ಲ.

ಆ ವಾರ ನಿಮ್ಮ ಫೋನಿಗೂ ಕುಕ್ಕರ್ ಜೋಕುಗಳು ಬಂದಿರಬೇಕು, ಅಲ್ವಾ? ನನಗೂ ಬಂದವು. ಕೆಲವು ಬಾಂಬ್ ಹೊತ್ತವನ ಬಗ್ಗೆ ಇದ್ದವು. ಊರನ್ನೇ ನಡುಗಿಸಲು ಹೊರಟವನಿಗೆ ಒಂದು ಕುಕ್ಕರ್ ಸರಿಯಾಗಿ ಹಿಡಿದುಕೊಂಡು ಬರಲು ಆಗಲಿಲ್ಲ ಅನ್ನೋ ಥರದವು. ಜಾಸ್ತಿ ಬಂದದ್ದು ಮಾತ್ರ ಬೇರೆ ಥರದವು. ಅವುಗಳಲ್ಲಿ ಆ ಮನುಷ್ಯನೇ ಇರಲಿಲ್ಲ, ಅವನ ಧರ್ಮದ ಅಷ್ಟೂ ಜನ ಇದ್ದರು. ಪಕ್ಕದ ಬೀದಿಯ ಪಾತ್ರೆ ಅಂಗಡಿಯವರು, ನಿಮ್ಮ ಹತ್ತಿರ ಕಲಿತ ಹುಡುಗರು, ಎಲ್ಲರೂ. ಅವನ್ನು ಜೋಕು ಅಂತ ಕರೆಯಲು ನನಗೆ ಮನಸ್ಸಿಲ್ಲ, ಬೈಗುಳದ ಕೊನೆಗೆ ನಗುವ ಮುಖ ಅಂಟಿಸಿದ್ದರು ಅಷ್ಟೇ. ಅಂಥದ್ದು ಪತ್ರಿಕೆಗೂ ಬರುತ್ತೆ, ವಾರಕ್ಕೆ ಎರಡು ಮೂರಾದರೂ. ಬುಟ್ಟಿಗೆ ಹೋಗುತ್ತೆ.

ಒಂದು ಸಿನಿಮಾದ ವಿಷಯ ಹೇಳ್ತೀನಿ. 2005ರ ಜುಲೈ 7ರಂದು ಲಂಡನ್ನಿನ ರೈಲು ಮತ್ತು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತರು. ಐದು ವರ್ಷ ಕಳೆದಿರಲಿಲ್ಲ, ಕ್ರಿಸ್ ಮೋರಿಸ್ ಅನ್ನುವ ನಿರ್ದೇಶಕ ‘ಫೋರ್ ಲಯನ್ಸ್’ ಅಂತ ಹಾಸ್ಯ ಚಿತ್ರ ತೆಗೆದ. ಶೆಫೀಲ್ಡಿನ ಕೆಲವು ಹುಡುಗರು ಆತ್ಮಾಹುತಿ ದಾಳಿ ಮಾಡಲು ಹೊರಡುವ ಕಥೆ. ಒಬ್ಬ ಕಾಗೆಗೆ ಬಾಂಬ್ ಕಟ್ಟಿ ತರಬೇತಿ ಕೊಡಲು ನೋಡ್ತಾನೆ. ಅವನೇ ಸ್ಫೋಟಕ ಹೊತ್ತು ಓಡುವಾಗ ಕುರಿಗೆ ಎಡವಿ ಸಾಯ್ತಾನೆ. ಕೊನೆಗೆ ಉಳಿದವರು ಲಂಡನ್ ಮ್ಯಾರಥಾನ್‌ಗೆ ಚಿತ್ರವಿಚಿತ್ರ ವೇಷ ಹಾಕಿ ಹೋಗ್ತಾರೆ.

ಕೇಳಿದರೆ ನಿಮಗೆ ಇನ್ನಷ್ಟು ಸಿಟ್ಟು ಬರಬಹುದು. ಆದರೆ ಆ ಸಿನಿಮಾದಲ್ಲಿ ಮುಖ್ಯ ಹುಡುಗನ ಸೋದರನೊಬ್ಬ ಇದ್ದಾನೆ. ಗಡ್ಡ ಬಿಟ್ಟ, ದಿನವಿಡೀ ಧರ್ಮಗ್ರಂಥ ಹಿಡಿದ, ಹೆಂಗಸರ ವಿಷಯದಲ್ಲಿ ತೀರಾ ಹಳೇ ಕಾಲದ ಮನುಷ್ಯ. ನಾವು ನೀವು ನೋಡಿದರೆ ಇವನೇ ಬಾಂಬ್ ಇಡೋನು ಅಂದುಕೊಳ್ಳಬೇಕು. ಹಿಂಸೆ ಬೇಡ ಅಂತ ಆ ಹುಡುಗನ ಜೊತೆ ಜಗಳ ಆಡೋನು ಅವನೊಬ್ಬನೇ. ಪೊಲೀಸರು ಕೊನೆಗೆ ಹಿಡಿಯೋದು ಅವನನ್ನೇ! ಬಾಂಬ್ ಇಡೋನು ಜೀನ್ಸ್ ಹಾಕಿ, ಹೆಂಡತಿ ಮಗುವಿನ ಜೊತೆ ಹಾಯಾಗಿ ಮಾತಾಡ್ತಾ ಇರ್ತಾನೆ. ನಾನು ನಗುತ್ತಾ ನಗುತ್ತಾ ಅಲ್ಲಿ ಸುಮ್ಮನಾದೆ. ಎಷ್ಟೋ ಗಂಭೀರ ಲೇಖನಗಳನ್ನು ಇದೇ ಪತ್ರಿಕೆಯಲ್ಲಿ ಹಾಕಿದ್ದೇನೆ, ಒಂದೂ ಇದನ್ನು ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ನಿಮ್ಮ ಇನ್ನೊಂದು ಮಾತು, "ಪೆದ್ದ ಅಂತ ತೋರಿಸಿದರೆ ಜನ ಹಗುರವಾಗಿ ತಗೊಳ್ತಾರೆ" ಅಂದಿದ್ದೀರಿ. ಇದು ನನ್ನನ್ನು ಎರಡು ದಿನ ಕಾಡಿತು. ಯಾಕಂದ್ರೆ ಇದಕ್ಕೆ ಒಂದು ನಿಜವಾದ ಉದಾಹರಣೆ ಇದೆ. 2000ದ ಜನವರಿಯಲ್ಲಿ ಯೆಮನ್‌ನ ಏಡನ್ ಬಂದರಿನಲ್ಲಿ ಅಲ್ ಖೈದಾದವರು ಅಮೆರಿಕದ ಯುದ್ಧನೌಕೆಗೆ ಗುದ್ದಿಸಲು ಒಂದು ದೋಣಿಗೆ ಸ್ಫೋಟಕ ತುಂಬಿದರು. ತುಂಬಿದ್ದು ಜಾಸ್ತಿಯಾಗಿ ದೋಣಿ ಮುಳುಗಿಹೋಯಿತು. ಇದಕ್ಕಿಂತ ಒಳ್ಳೇ ಪ್ರಹಸನ ಯಾರು ಬರೆದಾರು? ಆದರೆ ಅದೇ ಬಂದರಿಗೆ ಅವರು ಅಕ್ಟೋಬರ್ 12ಕ್ಕೆ ಮತ್ತೆ ಬಂದರು. ಈ ಸಲ ದೋಣಿ ಮುಳುಗಲಿಲ್ಲ, ಕೋಲ್ ಅನ್ನುವ ಹಡಗಿನ 17 ನಾವಿಕರು ಸತ್ತರು. ಹಾಗಾಗಿ ನಿಮ್ಮ ಮಾತನ್ನು ಅರ್ಧ ಒಪ್ತೀನಿ. ಇವನು ಪೆದ್ದ ಅಂತ ನಗಿಸಬಹುದು, ಇವನಿಂದ ಏನೂ ಆಗಲ್ಲ ಅಂತ ನಗಿಸಿದರೆ ಅದು ಸುಳ್ಳು. ನಮ್ಮ ಮೀಸೆಯ ಸಾಲು ಹೇಳಿದ್ದೂ ಇದೇ ಸುಳ್ಳನ್ನು, ಯಾರಿಗೂ ಏನೂ ಆಗಲಿಲ್ಲ ಅಂತ. ಚಾಪ್ಲಿನ್ ಕೂಡ ಈ ಸಂಕಟ ಪಟ್ಟಿದ್ದಾನೆ. 1940ರಲ್ಲಿ ಹಿಟ್ಲರನನ್ನು ಗೇಲಿ ಮಾಡಿ ‘ದಿ ಗ್ರೇಟ್ ಡಿಕ್ಟೇಟರ್’ ತೆಗೆದವನು, ನಾಜಿ ಶಿಬಿರಗಳಲ್ಲಿ ನಡೆಯುತ್ತಿದ್ದದ್ದು ಆಗಲೇ ಗೊತ್ತಿದ್ದರೆ ಆ ಸಿನಿಮಾ ಮಾಡಲು ಆಗುತ್ತಿರಲಿಲ್ಲ ಅಂತ ಆತ್ಮಕಥೆಯಲ್ಲಿ ಬರೆದುಕೊಂಡ. ಆದರೂ ಅವನು ಮಾಡಿದ್ದು ಒಳ್ಳೇದಾಯ್ತು ಅಂತಲೇ ನನಗನಿಸೋದು.

ಇನ್ನು ದೇವರ ವಿಷಯ. ಮಾಸ್ಟ್ರೇ, ನೀವು ಯಕ್ಷಗಾನದ ಆಟ ನೋಡಿ ಬೆಳೆದ ಊರಿನವರು. ರಾಕ್ಷಸನ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುವಾಗ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತವೆ. ಸ್ವಲ್ಪ ಹೊತ್ತಿಗೆ ಅದೇ ರಾಕ್ಷಸನ ದೂತನಾಗಿ ಹಾಸ್ಯಗಾರ ಬಂದು ಒಡೆಯನ ಮುಂದೆ ಅಡ್ಡಮಾತು ಆಡಿದರೆ ಅವೇ ಮಕ್ಕಳು ಕೇಕೆ ಹಾಕುತ್ತವೆ. ಅದರಿಂದ ಯಾರ ಭಕ್ತಿ ಕಮ್ಮಿಯಾಯಿತು? ನಗು ಬಿದ್ದದ್ದು ರಾಕ್ಷಸನ ಜಂಬದ ಮೇಲೆ.

ವ್ಯಂಗ್ಯಚಿತ್ರದ ಮಾತು ತೆಗೆದಿದ್ದೀರಿ, ನೇರ ಹೇಳಿಬಿಡ್ತೀನಿ. ಪ್ಯಾರಿಸ್ಸಿನ ಶಾರ್ಲಿ ಎಬ್ಡೋ ಪತ್ರಿಕೆಯವರು ಹಾಕಿದ ಪ್ರವಾದಿಯ ಚಿತ್ರಗಳನ್ನು ನಾನಾಗಿದ್ದರೆ ಹಾಕುತ್ತಿರಲಿಲ್ಲ. ಬಂದೂಕು ಮುಟ್ಟದ ಕೋಟಿಗಟ್ಟಲೆ ಜನಕ್ಕೆ ಅದು ನೋಯಿಸುತ್ತೆ. ಬಂದೂಕು ಹಿಡಿದವನಿಗೆ ಖುಷಿಯೇ ಆಗುತ್ತೆ, ನೋಡಿ ನಮ್ಮನ್ನು ಹೇಗೆ ಅವಮಾನ ಮಾಡಿದರು ಅಂತ ನಾಲ್ಕು ಹುಡುಗರನ್ನು ಸೇರಿಸಿಕೊಳ್ಳಲು ನೆಪ ಸಿಗುತ್ತೆ. ಆದರೆ 2015ರ ಜನವರಿ 7ರಂದು ಆ ಕಚೇರಿಗೆ ನುಗ್ಗಿ 12 ಜನರನ್ನು ಕೊಂದದ್ದಕ್ಕೆ "ಅವರೂ ಹಾಗೆ ಬರೆಯಬಾರದಿತ್ತು" ಅನ್ನೋ ಸಮಜಾಯಿಷಿ ನನ್ನ ಮುಂದೆ ಬೇಡ. ನಮ್ಮ ಕಡೆಯೂ ಕಥೆ ತೀರಾ ಬೇರೆ ಇಲ್ಲ. 2021ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಸ್ಯಗಾರ ಮುನಾವರ್ ಫಾರೂಕಿಯ ಶೋ ಗಲಾಟೆ ಆಗಬಹುದು ಅನ್ನೋ ಭಯಕ್ಕೇ ರದ್ದಾಯಿತು. ಟಿಕೆಟ್ ತಗೊಂಡವರು ಮನೆಯಲ್ಲಿ ಕೂತರು.

ಇನ್ನೊಂದು, ಇಂಥ ಜೋಕಿಗೆ ಜಾಸ್ತಿ ಬೆಲೆ ತೆರೋರು ನಾವಲ್ಲ. 2015ರ ರಂಜಾನ್ ತಿಂಗಳಲ್ಲಿ ಸೌದಿ ನಟ ನಾಸಿರ್ ಅಲ್ ಕಸಬಿ ಟಿವಿ ಸರಣಿಯಲ್ಲಿ ಐಸಿಸ್‌ನವರನ್ನು ಗೇಲಿ ಮಾಡಿದ, ಕೊಲೆ ಬೆದರಿಕೆ ಬಂತು. ಅಫ್ಘಾನಿಸ್ತಾನದ ಕಂದಹಾರದ ಕಡೆ ಖಾಶಾ ಜ್ವಾನ್ ಅಂತ ಒಬ್ಬ ನಗೆಗಾರ ಇದ್ದ, ಮೊದಲು ಪೊಲೀಸ್ ಕೆಲಸದಲ್ಲಿದ್ದವನು. 2021ರ ಜುಲೈನಲ್ಲಿ ತಾಲಿಬಾನಿಗಳು ಅವನನ್ನು ಎತ್ತಿಕೊಂಡು ಹೋದರು. ಕಾರಿನಲ್ಲಿ ಕೂರಿಸಿಕೊಂಡು ಕಪಾಳಕ್ಕೆ ಹೊಡೆಯುವ ವಿಡಿಯೋ ಜಗತ್ತೆಲ್ಲ ನೋಡಿತು. ಇಬ್ಬರು ಬಂದೂಕುಧಾರಿಗಳ ನಡುವೆ ಕೂತು, ಸಾವು ಎದುರಿಗಿದ್ದಾಗಲೂ ಆ ಮನುಷ್ಯ ತಮಾಷೆ ಮಾಡುತ್ತಿದ್ದ. ಆಮೇಲೆ ಕೊಂದರು. ಅವನು ಮುಸ್ಲಿಮ, ಅಲ್ ಕಸಬಿಯೂ ಮುಸ್ಲಿಮ. ಭಯೋತ್ಪಾದನೆಗೆ ನಗೋರು ಧರ್ಮದ ವೈರಿಗಳು ಅಂತ ನೀವು ಬರೆದ ಸಾಲಿನ ಪಕ್ಕದಲ್ಲಿ ಇವರಿಬ್ಬರ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ನಗೆಬರಹದವರ ಜೊತೆ ನಿನ್ನೆ ಫೋನಿನಲ್ಲಿ ಮಾತಾಡಿದೆ. ಮೊದಲು ಗೊಣಗಿದರು, ಒಂದು ಸಾಲಿಗೆ ಇಷ್ಟೆಲ್ಲಾ ಬೇಕಾ ಅಂದರು. ನಿಮ್ಮ ಕಾಗದ ಓದಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಮುಂದೆ ಆ ಬರಹ ಪುಸ್ತಕದಲ್ಲಿ ಬರುವಾಗ ಮೀಸೆಯ ಸಾಲು ಇರೋದಿಲ್ಲ. ಇಪ್ಪತ್ತು ರೂಪಾಯಿಯ ಚೌಕಾಸಿ ಹಾಗೇ ಇರುತ್ತೆ.

– ಸಂ.