ಸಮಾರ್ಯದವನ ಕಥೆ: ಯಾಜಕ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ಸರ್, ನಾನು ಸಂಡೇ ಸ್ಕೂಲಲ್ಲಿ ಮಕ್ಳಿಗೆ ಪಾಠ ಮಾಡ್ತೀನಿ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯ (ನೀತಿಕಥೆ) ಹೇಳ್ತಿದ್ದೆ: ಯೆರೂಸಲೇಮಿಂದ ಯೆರಿಕೋಗೆ ಹೋಗ್ತಿದ್ದ ಒಬ್ಬನನ್ನ ಕಳ್ಳರು ಹೊಡೆದು ಅರೆಜೀವ ಮಾಡಿ ದಾರೀಲಿ ಬಿಟ್ಟು ಹೋಗ್ತಾರೆ; ಒಬ್ಬ ಯಾಜಕ (ದೇವಾಲಯದ ಪುರೋಹಿತ), ಆಮೇಲೆ ಒಬ್ಬ ಲೇವಿಯ (ದೇವಾಲಯದ ಸಹಾಯಕ) ನೋಡಿಯೂ ಹಾಗೇ ಹೋಗ್ತಾರೆ; ಯೆಹೂದ್ಯರಿಗೆ ಆಗದ ಸಮಾರ್ಯ ಜನದವನೊಬ್ಬ ನಿಂತು ಕಾಪಾಡ್ತಾನೆ. ಆಗ ಒಂದು ಹುಡುಗಿ "ಯಾಜಕರು ದೇವರ ಕೆಲಸದವರು ತಾನೆ ಮಿಸ್, ಅವ್ರೇ ಯಾಕೆ ನೋಡಿಯೂ ಹಾಗೇ ಹೋದ್ರು" ಅಂದ್ಲು. ಹೆಣ ಮುಟ್ಟಿದ್ರೆ ಮೈಲಿಗೆ ಆಗುತ್ತೆ, ಆಮೇಲೆ ದೇವಾಲಯದ ಸೇವೆ ಮಾಡೋಕಾಗಲ್ಲ, ಅದಕ್ಕೆ ಅಂತ ಹೇಳ್ದೆ. ಸರಿನಾ?

ಉತ್ತರ: ಈ ಮೈಲಿಗೆ ವಿಷ್ಯ ನಾವೆಲ್ಲ ಪ್ರಸಂಗದಲ್ಲಿ ಕೇಳ್ಕೊಂಡೇ ಬೆಳೆದಿದ್ದು, ಮತ್ತೆ ಅದಕ್ಕೆ ಆಧಾರನೂ ಇದೆ. ಹತ್ತಿರದ ರಕ್ತಸಂಬಂಧಿಗಳನ್ನ ಬಿಟ್ರೆ ಬೇರೆಯವರ ಹೆಣದಿಂದ ಯಾಜಕ ಅಶುದ್ಧ ಆಗಬಾರದು ಅಂತ ಬೈಬಲಿನ ಯಾಜಕಕಾಂಡ 21ರಲ್ಲಿದೆ. ಆದ್ರೆ ಲೂಕ 10:31 ನಿಧಾನಕ್ಕೆ ಓದಿ ನೋಡಿ, ಆ ಯಾಜಕ ಆ ದಾರೀಲಿ *ಇಳಿದು* ಬರ್ತಿದಾನೆ. ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ, ಅಂದ್ರೆ 25-30 ಕಿಲೋಮೀಟರ್ ದಾರಿಯಲ್ಲಿ ಸಾವಿರ ಮೀಟರ್ ಇಳಿಜಾರು. ಇಳೀತಿದಾನೆ ಅಂದ್ರೆ ದೇವಾಲಯಕ್ಕೆ ಬೆನ್ನು ಹಾಕಿ ಬರ್ತಿದಾನೆ, ಸೇವೆ ತಪ್ಪುತ್ತೆ ಅನ್ನೋ ಮಾತೇ ಬರಲ್ಲ. ಬಿದ್ದವನು ಸತ್ತೂ ಇಲ್ಲ, ಅರೆಜೀವ ಅಷ್ಟೆ. ಸತ್ತೇಹೋಗಿದ್ದ ಅಂದ್ಕೊಂಡ್ರೂ, ದಿಕ್ಕಿಲ್ಲದೆ ಬಿದ್ದಿರೋ ಹೆಣಕ್ಕೆ ಮಹಾಯಾಜಕನೇ ಆದ್ರೂ ಮಣ್ಣು ಮಾಡಬೇಕು ಅಂತ ಯೆಹೂದ್ಯರ ಹಳೇ ನಿಯಮಗಳ ಸಂಗ್ರಹ ಮಿಷ್ನಾದಲ್ಲೇ ಇದೆ. ಇನ್ನು ಲೇವಿಯನಿಗೆ ಯಾಜಕಕಾಂಡದ ಆ ನಿಯಮ ಇಲ್ವೇ ಇಲ್ಲ. ಮೋಶೆಯ ಧರ್ಮಶಾಸ್ತ್ರ ಸಮಾರ್ಯದವರಿಗೂ ಇತ್ತು, ಶುದ್ಧಾಶುದ್ಧ ಅವನಿಗೂ ಗೊತ್ತು, ಆದ್ರೂ ಅವನು ನಿಂತ. ಹಾಗಾಗಿ ಯಾಜಕ ಯಾಕೆ ಹೋದ ಅನ್ನೋದಕ್ಕೆ ಯೇಸು ಕಾರಣನೇ ಕೊಟ್ಟಿಲ್ಲ, ನಾವೂ ಅವನ ಪರವಾಗಿ ಒಂದು ನೆಪ ಹುಡುಕಿಕೊಡೋದು ಬೇಡ ಅಂತ ನನ್ನ ಅಭಿಪ್ರಾಯ.

ಮಕ್ಳಿಗೆ ಹೇಳಬೇಕಾದ ವಿಷ್ಯ ಮೂರನೆಯವನದು. ಯಾಜಕ, ಲೇವಿಯ ಅಂದಮೇಲೆ ಕೇಳ್ತಿದ್ದವರ ಬಾಯಲ್ಲಿ ಮುಂದಿನ ಪದ ರೆಡಿ ಇತ್ತು, ಇಸ್ರಾಯೇಲ್ಯ, ಅಂದ್ರೆ ತಮ್ಮಂಥ ಸಾಮಾನ್ಯ ಮನುಷ್ಯ. ಬಂದಿದ್ದು ಸಮಾರ್ಯದವನು! ಗೆರಿಜೀಮ್ ಬೆಟ್ಟದ ಮೇಲಿದ್ದ ಸಮಾರ್ಯದವರ ದೇವಾಲಯನ ಯೆಹೂದ್ಯ ದೊರೆ ಯೋಹಾನ ಹಿರ್ಕಾನಸ್ ಕ್ರಿ.ಪೂ. 110ರ ಸುಮಾರಿಗೆ ಹಾಳು ಮಾಡಿದ್ದ. ಯೇಸು ಇನ್ನೂ ಹುಡುಗ ಆಗಿದ್ದಾಗ ಕೆಲವು ಸಮಾರ್ಯದವರು ಪಸ್ಕ ಹಬ್ಬದ ಹೊತ್ತಲ್ಲಿ ಯೆರೂಸಲೇಮಿನ ದೇವಾಲಯಕ್ಕೆ ನುಗ್ಗಿ ಮನುಷ್ಯರ ಮೂಳೆ ಚೆಲ್ಲಿದ್ರು ಅಂತ ಇತಿಹಾಸಕಾರ ಜೋಸೆಫಸ್ ಬರೆದಿದಾನೆ. ಅಷ್ಟ್ಯಾಕೆ, ಒಂದೇ ಅಧ್ಯಾಯ ಹಿಂದೆ, ಲೂಕ 9ರಲ್ಲಿ, ಸಮಾರ್ಯದ ಊರೊಂದು ಯೇಸುವನ್ನೇ ಒಳಗೆ ಸೇರಿಸಲಿಲ್ಲ, ಬೆಂಕಿ ಸುರಿಸಿಬಿಡೋಣ್ವಾ ಅಂತ ಶಿಷ್ಯರಾದ ಯಾಕೋಬ ಯೋಹಾನರು ಕೇಳಿದ್ರು. ಅಂಥ ಜನದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಎರಡು ದಿನದ ಕೂಲಿಯಷ್ಟು ದುಡ್ಡು ಚತ್ರದವನ ಕೈಗಿಟ್ಟು, ಜಾಸ್ತಿ ಖರ್ಚಾದ್ರೆ ಬರುವಾಗ ಕೊಡ್ತೀನಿ ಅಂತಾನೆ. "ಒಳ್ಳೆಯ ಸಮಾರ್ಯದವನು" ಅನ್ನೋ ಹೆಸ್ರು ಆಮೇಲೆ ನಾವಿಟ್ಟಿದ್ದು, ಕಥೆಯೊಳಗೆ ಆ "ಒಳ್ಳೆಯ" ಇಲ್ಲ.

ಮುಂದಿನ ಭಾನುವಾರ ಆ ಹುಡುಗಿ ಕೈಲೇ 37ನೇ ವಚನ ಓದಿಸಿ. ಈ ಮೂವರಲ್ಲಿ ನೆರೆಯವನು ಯಾರು ಅಂತ ಯೇಸು ಕೇಳಿದಾಗ, "ನನ್ನ ನೆರೆಯವನು ಯಾರು" ಅಂತ ಮೊದಲು ಕೇಳಿ ಈ ಕಥೆಗೆ ಕಾರಣನಾದ ಧರ್ಮೋಪದೇಶಕ "ಸಮಾರ್ಯದವನು" ಅನ್ನಲ್ಲ, "ದಯೆ ತೋರಿಸಿದವನು" ಅಂತಾನೆ. ಆ ಹೆಸರು ಅವನ ಬಾಯಿಂದ ಯಾಕೆ ಬರಲಿಲ್ಲ ಅಂತ ಮಕ್ಕಳನ್ನೇ ಕೇಳಿ.