ಸಂಪಾದಕರ ಉತ್ತರ: ಕೊಡಗಿನಲ್ಲಿ ಸರೋವರ ಎಲ್ಲಿದೆ?

“ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಕೆರೆ, ಸರೋವರಗಳ ಜೀವಪರಿಸರದ ಮೇಲೆ ಪಿಎಚ್.ಡಿ. ಮಾಡುವಾಸೆ. ‘ಕೊಡಗಿನಲ್ಲಿ ಹೊಳೆಯುಂಟು, ಸರೋವರ ಎಲ್ಲಿದೆ?’ ಎಂದು ಮನೆಯವರು ನಗುತ್ತಾರೆ. ವಿದೇಶಕ್ಕೇ ಹೋಗಬೇಕೆ?”
– ಓದುಗರೊಬ್ಬರು, ಸೋಮವಾರಪೇಟೆ

ಮನೆಯವರ ಮಾತು ಅರ್ಧ ನಿಜ. ಇಳಿಜಾರಿನ ನಾಡಲ್ಲವೆ, ಬಿದ್ದ ನೀರು ನಿಲ್ಲುವುದಕ್ಕಿಂತ ಓಡುವುದೇ ಹೆಚ್ಚು. ಆದರೂ ಸೋಮವಾರಪೇಟೆಯವರಾಗಿ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಮರೆತರೆ ಹೇಗೆ? ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳೂ ಇವೆ. ನನ್ನ ಕಣ್ಣು ಮಾತ್ರ ತೋಟದ ಕೆರೆಗಳ ಮೇಲೆ.

ನಮ್ಮ ಮನೆ ಹಿಂದಿನ ಕೆರೆಯನ್ನೇ ನೋಡಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಪಂಪು ಹಗಲೂ ರಾತ್ರಿ ಓಡಿ ನೀರು ಮೊಣಕಾಲುದ್ದಕ್ಕೆ ಇಳಿಯಿತು, ಬಣ್ಣ ಪಾಚಿಹಸಿರಾಯಿತು. ಬೆಳಗಿನ ಜಾವ ಹೋದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಪಚಪಚ ಮಾಡುತ್ತಿದ್ದವು. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೇ ಉಸಿರಾಡಿ ಅದನ್ನು ಮುಗಿಸುತ್ತದೆ. ಬೆಳಕು ಹರಿಯುವ ಮುಂಚೆ ನೀರಲ್ಲಿ ಉಸಿರೇ ಇರುವುದಿಲ್ಲ. ಇದರ ಜೊತೆಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರೂ ಕೆರೆಗೆ ಬಿದ್ದರೆ? ಹಣ್ಣಿನ ಸಕ್ಕರೆ, ಲೋಳೆ ಕೊಳೆಯುವಾಗಲೂ ಆಮ್ಲಜನಕವೇ ಖರ್ಚು. ಯಾವುದರ ಪಾಲು ಎಷ್ಟು? ನನ್ನ ಕಣ್ಣಿಗಂತೂ ಇದೊಂದು ಪಿಎಚ್.ಡಿ.ಗೆ ಸಾಲುವ ಪ್ರಶ್ನೆ.

ಹೊರದೇಶದ ಪಠ್ಯಗಳಲ್ಲಿ ಸರೋವರದ ನೀರು ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಮೇಲುಕೆಳಗಾಗುತ್ತದೆ ಎಂದು ಓದಿರುತ್ತೀರಿ. 4 ಡಿಗ್ರಿಯಲ್ಲಿ ನೀರು ಅತಿ ಭಾರ ಎಂಬುದು ಅದರ ಗುಟ್ಟು. ನಮ್ಮ ಕೆರೆ ಆ 4 ಡಿಗ್ರಿಯನ್ನು ಕಾಣುವುದೇ ಇಲ್ಲ, ಇಲ್ಲಿ ಮಳೆಗಾಲವೇ ಗಡಿಯಾರ.

ಇನ್ನು ಅರ್ಹತೆ, ದುಡ್ಡಿನ ಮಾತು. ಸ್ನಾತಕೋತ್ತರದಲ್ಲಿ ಶೇ. 55 ಅಂಕವಿದ್ದರೆ ಸಾಮಾನ್ಯವಾಗಿ ಪಿಎಚ್.ಡಿ.ಗೆ ಅರ್ಹತೆ ಉಂಟು. ಮೀಸಲು ವರ್ಗದವರಿಗೆ ಶೇ. 5 ರಿಯಾಯಿತಿ. ವಿಜ್ಞಾನ ವಿಷಯಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಸಿಎಸ್‌ಐಆರ್-ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. 2023ರಿಂದ ಇದೇ ದರ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಮತ್ತು ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಎರಡನ್ನೂ ವಿಚಾರಿಸಿ. ಜರ್ಮನಿ, ಸ್ವೀಡನ್‌ಗಳಲ್ಲಿ ಪಿಎಚ್.ಡಿ. ಎಂದರೆ ಬಹುಪಾಲು ಸಂಬಳದ ಕೆಲಸವೇ, ಜಾಹೀರಾತು ನೋಡಿ ಅರ್ಜಿ ಹಾಕಬೇಕು. ಬರ್ಲಿನ್ನಿನ ಐಜಿಬಿ, ಸ್ವಿಟ್ಜರ್ಲೆಂಡಿನ ಇಆವಾಗ್ ನೀರಿನ ಅಧ್ಯಯನಕ್ಕೇ ಮೀಸಲಾದ ಸಂಶೋಧನಾ ಸಂಸ್ಥೆಗಳು. ಹೋಗಬೇಡಿ ಎನ್ನುವುದಿಲ್ಲ. ಆದರೆ ನಲವತ್ತು ಪ್ರೊಫೆಸರರಿಗೆ ಒಂದೇ ಪತ್ರ ಕಳಿಸುವವರ ಸಾಲಿಗೆ ಸೇರಬೇಡಿ. ಪತ್ರದಲ್ಲಿ ನಿಮ್ಮದೇ ಅಳತೆ ಇರಲಿ.

ಅಳೆಯಲು ದೊಡ್ಡ ಯಂತ್ರ ಬೇಡ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯನ್ನು ಸಮುದ್ರಕ್ಕಿಳಿಸಿ ನೀರಿನ ತಿಳಿ ಅಳೆದ. ಈಗ ಕೆರೆಗೆ ಬಳಸುವುದು 20 ಸೆಂ.ಮೀ. ಅಗಲದ, ಕಪ್ಪು ಬಿಳುಪು ಕಾಲುಭಾಗಗಳ ತಟ್ಟೆ. ಪೇಂಟ್ ಡಬ್ಬಿಯ ಮುಚ್ಚಳಕ್ಕೆ ಬಣ್ಣ ಬಳಿದು, ಕೆಳಗೊಂದು ಭಾರ ಕಟ್ಟಿ, ಗಂಟು ಹಾಕಿದ ಹಗ್ಗದಲ್ಲಿ ಇಳಿಬಿಡಿ. ಕಣ್ಮರೆಯಾದ ಆಳವನ್ನು ವಾರವಾರ ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದರೆ ತೋರಿಸಲು ಏನೋ ಕೈಲಿರುತ್ತದೆ.

ತೋಟದವರನ್ನು ಕೇಳಿಯೇ ಕೆರೆಗಿಳಿಯಿರಿ. ಪಲ್ಪರ್ ನೀರಿನ ಮಾತು ಮಾತ್ರ ಮೊದಲ ದಿನವೇ ಎತ್ತಬೇಡಿ.

– ಸಂ.